ಹೆಬ್ಬೆರಳಿಗೆ ಶ್ರುತಿ, ಉಳಿದ ಬೆರಳಿಗೆ ಹಾಡು

ಗಿಟಾರ್ ಕಲಿಯಲು ಹೊರಟವರಿಗೆ ಮೊದಲ ಒಂದೆರಡು ತಿಂಗಳಲ್ಲೇ ನಾಲ್ಕೈದು ಕಾರ್ಡುಗಳು ಕೈಗೆ ಹತ್ತುತ್ತವೆ. ಎಡಗೈ ಬೆರಳುಗಳನ್ನು ಸಿ, ಜಿ, ಡಿ, ಎ ಮೈನರ್ ಎಂದು ಹೇಳಿಕೊಟ್ಟ ಜಾಗದಲ್ಲಿ ಒತ್ತಿ, ಬಲಗೈಯಿಂದ ಆರೂ ತಂತಿಗಳನ್ನು ಕೆಳಕ್ಕೂ ಮೇಲಕ್ಕೂ ಸವರಿದರೆ ಒಂದು ಸಿನಿಮಾ ಹಾಡಿಗೆ ಸಾಕಾಗುವಷ್ಟು ತುಂಬು ನಾದ ಬರುತ್ತದೆ. ಹುಟ್ಟುಹಬ್ಬ, ಕಾಲೇಜು ಡೇ, ಟ್ರೆಕ್ಕಿಂಗ್ ಹೋದ ರಾತ್ರಿ, ಎಲ್ಲಕ್ಕೂ ಇಷ್ಟು ಬಂಡವಾಳ ಧಾರಾಳವಾಯಿತು. ಆದರೆ ಇದೇ ಕೈಯನ್ನು ಹಳೆಯದೊಂದು ಜನಪದ ಹಾಡಿಗೆ ಹಚ್ಚಿದರೆ ಏನೋ ಎಡವಟ್ಟಾಗುತ್ತದೆ. ಹಾಡು ಒಂದು ದಾರಿ ಹಿಡಿದರೆ ವಾದ್ಯ ಇನ್ನೊಂದು ದಾರಿ ಹಿಡಿಯುತ್ತದೆ. ಕಲಿಯುವವರು ಆಗ ತಮ್ಮ ಬೆರಳುಗಳನ್ನೇ ದೂರಿಕೊಂಡು, ಇನ್ನಷ್ಟು ಕಷ್ಟದ ಕಾರ್ಡುಗಳನ್ನೋ ಇನ್ನಷ್ಟು ವೇಗದ ಮೀಟುಗಳನ್ನೋ ಹುಡುಕಿಕೊಂಡು ಹೋಗುತ್ತಾರೆ. ನನಗೆ ಕಾಣುವಂತೆ ತೊಡಕಿರುವುದು ಕಲಿಕೆಯ ಕ್ರಮದಲ್ಲಿ. ಜನಪದ ಹಾಡಿನ ಮಟ್ಟು ಮೊದಲು ಬಾಯಿಗೆ ಬರಬೇಕು, ಆಮೇಲೆ ಬೆರಳಿಗೆ ಇಳಿಯಬೇಕು. ಕಾರ್ಡು ಬೇಕೋ ಬೇಡವೋ ಎನ್ನುವುದು ಕಡೆಯಲ್ಲಿ ಕೇಳಬೇಕಾದ ಪ್ರಶ್ನೆ. ಇಂಗ್ಲೆಂಡ್ ಮತ್ತು ಅಮೆರಿಕದ ಜನಪದ ಗಿಟಾರಿನ ಚರಿತ್ರೆ ಈ ಮಾತಿಗೆ ಒಳ್ಳೆಯ ಸಾಕ್ಷಿ ಒದಗಿಸುತ್ತದೆ.

ಮೊದಲು ಬಲಗೈ ವಿಚಾರ. ಫಿಂಗರ್‌ಸ್ಟೈಲ್ ಎಂದರೆ ಪಿಕ್ ಹಿಡಿಯದೆ ಬೆರಳುಗಳಿಂದಲೇ ತಂತಿ ಮೀಟುವ ಪದ್ಧತಿ. ಮೂರು ದಪ್ಪ ತಂತಿಗಳ ಹೊಣೆ ಹೆಬ್ಬೆರಳಿನದು. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರು ಸಣ್ಣ ತಂತಿಗಳನ್ನು ಹಂಚಿಕೊಳ್ಳುತ್ತವೆ. ಕಿರುಬೆರಳಿಗೆ ಹೆಚ್ಚಿನವರು ರಜೆ ಕೊಟ್ಟಿರುತ್ತಾರೆ. ಹೈಬ್ರಿಡ್ ಪಿಕಿಂಗ್‌ನಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪಿಕ್ ಇರುತ್ತದೆ. ದಪ್ಪ ತಂತಿಗಳನ್ನು ಪಿಕ್ಕಿನಿಂದ, ಸಣ್ಣ ತಂತಿಗಳನ್ನು ಉಳಿದ ಬೆರಳುಗಳಿಂದ ನುಡಿಸುತ್ತಾರೆ. ಪಿಕ್ಕಿನ ಪೆಟ್ಟಿಗೆ ಅಂಚು ಇರುತ್ತದೆ, ಬೆರಳ ತುದಿಯ ಮೀಟಿಗೆ ಮೆದುತನ ಇರುತ್ತದೆ. ಹೈಬ್ರಿಡ್‌ನಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ, ಆದರೆ ಪಿಕ್ ಹಿಡಿಯಲು ತೋರುಬೆರಳನ್ನು ಬಿಟ್ಟುಕೊಡಬೇಕಾಗುತ್ತದೆ. ಈ ಲಾಭನಷ್ಟಗಳ ಲೆಕ್ಕ ಏನೇ ಇರಲಿ, ಎರಡೂ ಪದ್ಧತಿಗಳು ಮಾಡುವುದು ಒಂದೇ ಕೆಲಸ. ಸ್ಟ್ರಮ್ಮಿಂಗ್‌ನಲ್ಲಿ ಆರು ತಂತಿಗಳು ಒಟ್ಟಾಗಿ ಒಂದೇ ಮಾತು ಆಡುತ್ತವೆ. ಇಲ್ಲಿ ಕೈ ಇಬ್ಭಾಗವಾಗಿ, ಕೆಳಸ್ಥಾಯಿಯಲ್ಲಿ ಒಂದು ಎಳೆ, ಮೇಲುಸ್ಥಾಯಿಯಲ್ಲಿ ಇನ್ನೊಂದು ಎಳೆ ಬೇರೆಬೇರೆಯಾಗಿ ನಡೆಯುತ್ತವೆ. ಹಾಡಿನ ಮಟ್ಟನ್ನು ಅದರ ಪಾಡಿಗೆ ಬಿಟ್ಟು ಕೆಳಗೆ ಆಸರೆ ಮಾತ್ರ ಕೊಡಲು ಸಾಧ್ಯವಾಗುವುದು ಈ ಇಬ್ಭಾಗದಿಂದ. ಹೀಗಾಗಿ ಜನಪದ ಹಾಡಿಗೂ ಬೆರಳ ಮೀಟಿಗೂ ನಂಟು ಬೆಳೆದದ್ದು ಆಕಸ್ಮಿಕವೇನಲ್ಲ.

ಇಂಗ್ಲಿಷ್ ಜನಪದ ಹಾಡು ಎಂದೊಡನೆ ಗಿಟಾರ್ ಹಿಡಿದ ಗಾಯಕನ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಆ ಚಿತ್ರಕ್ಕೆ ಬಹಳ ವಯಸ್ಸಾಗಿಲ್ಲ. ಸೆಸಿಲ್ ಶಾರ್ಪ್ ಎಂಬ ಸಂಗೀತ ಶಿಕ್ಷಕರು 1903ರಲ್ಲಿ ಸಾಮರ್‌ಸೆಟ್ ಸೀಮೆಯ ಹ್ಯಾಂಬ್ರಿಜ್ ಎಂಬ ಹಳ್ಳಿಯಲ್ಲಿ ಜಾನ್ ಇಂಗ್ಲೆಂಡ್ ಎಂಬ ತೋಟದ ಮಾಲಿ ಹಾಡುತ್ತಿದ್ದುದನ್ನು ಕೇಳಿ ಬರೆದುಕೊಂಡರು. ಅವರ ಸಂಗ್ರಹದ ಕೆಲಸ ಆರಂಭವಾದದ್ದು ಅಲ್ಲಿಂದ. ಆ ಕಾಲದ ಹಳ್ಳಿಯ ಹಾಡುಗಾರರು ಬಹುಪಾಲು ಯಾವ ಹಿಮ್ಮೇಳವೂ ಇಲ್ಲದೆ ಒಬ್ಬರೇ ಹಾಡುತ್ತಿದ್ದರು. ಮುಂದೆ 1916ರಿಂದ 1918ರವರೆಗೆ ಶಾರ್ಪ್ ಮತ್ತು ಅವರ ಸಹಾಯಕಿ ಮಾಡ್ ಕಾರ್ಪಲೀಸ್ ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಅಲೆದು, ಇಂಗ್ಲೆಂಡು ಸ್ಕಾಟ್ಲೆಂಡುಗಳಿಂದ ವಲಸೆ ಹೋದವರ ವಂಶಸ್ಥರ ಬಾಯಲ್ಲಿ ಉಳಿದಿದ್ದ ಒಂದೂವರೆ ಸಾವಿರಕ್ಕೂ ಹೆಚ್ಚು ಮಟ್ಟುಗಳನ್ನು ಬರೆದುಕೊಂಡರು. ಅಲ್ಲಿಯೂ ಅಷ್ಟೇ. ವಾದ್ಯದ ಜೊತೆ ಹಾಡಿದವರು ಒಬ್ಬರೇ ಒಬ್ಬರು ತಮಗೆ ಸಿಕ್ಕಿದರು, ಅದೂ ವರ್ಜೀನಿಯಾದ ಷಾರ್ಲಟ್ಸ್‌ವಿಲ್ ಪೇಟೆಯಲ್ಲಿ, ವಾದ್ಯ ಗಿಟಾರ್ ಎಂದು ಶಾರ್ಪ್ ದಾಖಲಿಸಿದ್ದಾರೆ. ಬೆಟ್ಟದ ಗುಡಿಸಲುಗಳಲ್ಲಿ ಹಾಡು ತಾನೊಂದೇ ನಿಂತಿತ್ತು. ಅಂದರೆ ಈ ಹಾಡುಗಳು ಹುಟ್ಟಿ ಬೆಳೆದಾಗ ಕಾರ್ಡಿನ ಕಲ್ಪನೆಯೇ ಅವುಗಳ ಒಳಗೆ ಇರಲಿಲ್ಲ. ಸಾಲಿನ ಇಳಿತ, ಉಸಿರು ನಿಲ್ಲುವ ಜಾಗ, ಒತ್ತು ಬೀಳುವ ಪದ, ಎಲ್ಲವೂ ಒಂಟಿ ಕಂಠದ ಅಳತೆಗೆ ಹೊಂದಿಕೊಂಡವು. ಅಂಥ ಮಟ್ಟಿಗೆ ಆರು ತಂತಿಗಳ ಕಾರ್ಡನ್ನು ಹೊದಿಸುವುದು ಒಂದು ತೀರ್ಮಾನ. ಹಾಡು ಅದನ್ನು ಕೇಳಿರಲಿಲ್ಲ. (ಶಾರ್ಪ್ ತಾವೇ ಆ ಹಾಡುಗಳನ್ನು ಪ್ರಕಟಿಸುವಾಗ ಪಿಯಾನೊ ಪಕ್ಕವಾದ್ಯ ಬರೆದು ಸೇರಿಸಿದರು ಎಂಬುದು ಬೇರೆ ಮಾತು. ಸಂಗ್ರಾಹಕರಿಗೂ ಮಾರುಕಟ್ಟೆ ಇರುತ್ತದೆ.)

ಇನ್ನೊಂದು ಸಾಕ್ಷಿ ಇದಕ್ಕಿಂತ ಸೂಕ್ಷ್ಮವಾದದ್ದು. ಸಂಗೀತ ಸಂಯೋಜಕ ಪರ್ಸಿ ಗ್ರೇಂಜರ್ 1906ರಲ್ಲಿ ಲಿಂಕನ್‌ಶೈರಿನ ಹಳ್ಳಿಗಳಿಗೆ ಫೋನೋಗ್ರಾಫ್ ಒಯ್ದು ಮೇಣದ ಸಿಲಿಂಡರುಗಳ ಮೇಲೆ ಹಾಡುಗಳನ್ನು ಧ್ವನಿಮುದ್ರಿಸಿದರು. ಕಿವಿಯಿಂದ ಕೇಳಿ ಬರೆದುಕೊಳ್ಳುವಾಗ ತಪ್ಪಿಹೋಗುತ್ತಿದ್ದುದು ಸಿಲಿಂಡರನ್ನು ಮತ್ತೆ ಮತ್ತೆ ಹಾಕಿ ಕೇಳಿದಾಗ ಸಿಕ್ಕಿತು. ಅವರು ಗಮನಿಸಿದ್ದು ಇದು: ಜೋಸೆಫ್ ಟೇಲರ್‌ರಂಥ ಹಾಡುಗಾರರ ಕಂಠದಲ್ಲಿ ಸ್ವರಶ್ರೇಣಿಯ ಮೂರನೆಯ ಮತ್ತು ಏಳನೆಯ ಸ್ವರಗಳು, ನಮ್ಮ ಮಾತಿನಲ್ಲಿ ಗಾಂಧಾರ ಮತ್ತು ನಿಷಾದ, ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಒಮ್ಮೆ ತಗ್ಗಿ, ಒಮ್ಮೆ ಏರಿ, ಒಮ್ಮೊಮ್ಮೆ ನಡುವೆ ಎಲ್ಲೋ ಕೂರುತ್ತವೆ. ರಾಗ ಕೇಳಿ ಬೆಳೆದ ಕಿವಿಗೆ ಇದರಲ್ಲಿ ಅಚ್ಚರಿಯಿಲ್ಲ. ಗಿಟಾರ್ ಕಲಿಯುವವರಿಗೆ ಮಾತ್ರ ಇದರ ಪರಿಣಾಮ ದೊಡ್ಡದು. ಏಕೆಂದರೆ ಪಾಶ್ಚಾತ್ಯ ಕಾರ್ಡು ಮೇಜರ್ ಆಗುವುದೂ ಮೈನರ್ ಆಗುವುದೂ ಅದೇ ಗಾಂಧಾರದಿಂದ. ಷಡ್ಜ ಪಂಚಮಗಳ ನಡುವೆ ಒಂದು ಗಾಂಧಾರ ಕೂರಿಸಿದೊಡನೆ ಕಾರ್ಡಿಗೆ ಬಣ್ಣ ಬರುತ್ತದೆ, ಹಾಡಿನ ಗಾಂಧಾರ ಅಲ್ಲಿಗೆ ಕಟ್ಟುಬೀಳುತ್ತದೆ. ಹಾಡುಗಾರ ಬೇಕೆಂದೇ ಅತ್ತಿತ್ತ ಬಿಟ್ಟಿದ್ದ ಸ್ವರವನ್ನು ನಾವು ಪ್ರತಿ ಮಾತ್ರೆಗೂ ಮೊಳೆ ಹೊಡೆದು ಕೂರಿಸಿದಂತೆ ಆಯಿತು.

ಎಲ್ಲರಿಗೂ ಗೊತ್ತಿರುವ ಒಂದು ಹಾಡಿನಲ್ಲೇ ಇದನ್ನು ನೋಡಬಹುದು. "ಸ್ಕಾರ್ಬರೋ ಫೇರ್" ಪ್ರಚಾರದಲ್ಲಿರುವ ಮಟ್ಟಿನಲ್ಲಿ ಪಾಶ್ಚಾತ್ಯರು ಡೋರಿಯನ್ ಎನ್ನುವ ಸ್ವರಶ್ರೇಣಿಯಲ್ಲಿದೆ; ನಮ್ಮ ಖರಹರಪ್ರಿಯದ ಅಥವಾ ಹಿಂದೂಸ್ತಾನಿಯ ಕಾಫಿ ಥಾಟಿನ ಸ್ವರಗಳೇ ಅವು. ಇ ಸ್ವರವನ್ನು ಷಡ್ಜವಾಗಿ ಹಿಡಿದರೆ ಧೈವತ ಸಿ ಶಾರ್ಪ್ ಆಗುತ್ತದೆ. ತಮಾಷೆಯೆಂದರೆ ಆ ಧೈವತ ಒಂದು ನುಡಿಯ ನಾಲ್ಕು ಸಾಲುಗಳಲ್ಲಿ ಒಂದೇ ಒಂದು ಕಡೆ ಬರುತ್ತದೆ, ಎರಡನೆಯ ಸಾಲಿನ ನಡುವೆ, ಸೊಪ್ಪುಗಳ ಹೆಸರು ಹೇಳುವಲ್ಲಿ. ಹಾಡಿಗೆ ಅದರ ವಿಚಿತ್ರವಾದ ಬೆಳಕು ಸಿಗುವುದು ಆ ಒಂದು ಸ್ವರದಿಂದ. ಇದು ಮೈನರ್ ಹಾಡು, ಆದ್ದರಿಂದ ಇ ಮೈನರಿಗೆ ಜೊತೆಯಾಗಿ ಎ ಮೈನರ್ ಹಿಡಿ ಎಂದು ಕಾರ್ಡು ಪಾಠದ ರೂಢಿ ಹೇಳುತ್ತದೆ. ಎ ಮೈನರ್‌ನೊಳಗೆ ಇರುವುದು ಸಿ, ಸಿ ಶಾರ್ಪ್ ಅಲ್ಲ. ಹಾಗೆ ಹಿಡಿದೊಡನೆ ಕಾಫಿ ಹೋಗಿ ಆಸಾವರಿ ಥಾಟು ಬಂದು ಕೂರುತ್ತದೆ, ಕಂಠದ ಧೈವತಕ್ಕೂ ತಂತಿಯ ಧೈವತಕ್ಕೂ ಅರ್ಧ ಸ್ವರದ ಜಗಳ ಹತ್ತಿಕೊಳ್ಳುತ್ತದೆ. ಹಿಡಿಯಬೇಕಾದದ್ದು ಎ ಮೇಜರ್, ಇಲ್ಲವೇ ಏನನ್ನೂ ಹಿಡಿಯದೆ ಹೆಬ್ಬೆರಳಿನಲ್ಲಿ ಷಡ್ಜವನ್ನಷ್ಟೇ ಮೀಟುತ್ತಿರುವುದು. ಮಟ್ಟನ್ನು ಬಾಯಲ್ಲಿ ಹಾಡಿಕೊಂಡು ತಂತಿಯ ಮೇಲೆ ಒಂದೊಂದೇ ಸ್ವರ ಹುಡುಕಿದವರಿಗೆ ಈ ತಪ್ಪು ತಾನಾಗಿ ಗೊತ್ತಾಗುತ್ತದೆ. ಕಾರ್ಡಿನಿಂದ ಶುರುಮಾಡಿದವರಿಗೆ ಏನೋ ಸರಿಯಿಲ್ಲ ಎಂಬುದಷ್ಟೇ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ ಕಟ್ಟಾ ಸಂಪ್ರದಾಯಸ್ಥರ ಆಕ್ಷೇಪ ಬರುವುದು ಸಹಜ: ಹಿಮ್ಮೇಳವೇ ಇಲ್ಲದ ಹಾಡಿಗೆ ಗಿಟಾರ್ ಯಾಕೆ, ಬಿಟ್ಟುಬಿಡಿ. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧ ಸತ್ಯವನ್ನು ಒಪ್ಪಿಕೊಂಡವರೇ ಅದಕ್ಕೆ ಒಳ್ಳೆಯ ಉತ್ತರವನ್ನೂ ಕೊಟ್ಟರು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಡೇವಿ ಗ್ರೇಯಮ್ ಮೊರಾಕೊ ದೇಶಕ್ಕೆ ಹೋಗಿ ಅಲ್ಲಿನ ಊದ್ ವಾದಕರೊಡನೆ ನುಡಿಸಲು ಹವಣಿಸಿದಾಗ ಗಿಟಾರಿನ ಮಾಮೂಲು ಶ್ರುತಿ ಅಡ್ಡಬಂತು. ಅವರು ಆರನೆಯ, ಎರಡನೆಯ ಮತ್ತು ಒಂದನೆಯ ತಂತಿಗಳನ್ನು ಒಂದೊಂದು ಸ್ವರ ಇಳಿಸಿದರು. ದಪ್ಪ ತಂತಿಯಿಂದ ಎಣಿಸಿದರೆ ಡಿ, ಎ, ಡಿ, ಜಿ, ಎ, ಡಿ. ಇಂದು ಗಿಟಾರ್ ಲೋಕದಲ್ಲಿ ಡ್ಯಾಡ್‌ಗ್ಯಾಡ್ ಎಂದೇ ಅದರ ಹೆಸರು. ಡಿ ಸ್ವರವನ್ನು ಷಡ್ಜ ಮಾಡಿಕೊಂಡು ಓದಿ ನೋಡಿ: ಸ, ಪ, ಸ, ಮ, ಪ, ಸ. ಗಾಂಧಾರ ಎಲ್ಲಿಯೂ ಇಲ್ಲ! ತಂಬೂರಿಯ ಪಂಚಮ ಶ್ರುತಿಗೂ ಮಧ್ಯಮ ಶ್ರುತಿಗೂ ಬೇಕಾದ ಸ್ವರಗಳೆಲ್ಲ ಖಾಲಿ ತಂತಿಗಳಲ್ಲೇ ಇವೆ. ಮೇಜರೂ ಅಲ್ಲದ ಮೈನರೂ ಅಲ್ಲದ ಈ ಹಾಸಿನ ಮೇಲೆ ಗಾಂಧಾರವನ್ನು ಹಾಡುಗಾರ ಎಲ್ಲಿ ಬೇಕಾದರೂ ಇಡಬಹುದು. ಗ್ರೇಯಮ್ ಈ ಶ್ರುತಿಯಲ್ಲಿ ನುಡಿಸಿದ "ಷಿ ಮೂವ್ಡ್ ಥ್ರೂ ದ ಫೇರ್" ಎಂಬ ಐರಿಷ್ ಹಾಡು ನಮ್ಮ ಹರಿಕಾಂಬೋಜಿಯ, ಅಂದರೆ ಖಮಾಜ್ ಥಾಟಿನ ಸ್ವರಗಳಲ್ಲಿದೆ. ಅದನ್ನು ಅವರು ಆಲಾಪದಂತೆ ಬೆಳೆಸುತ್ತಿದ್ದರು, ಭಾರತೀಯ ಸಂಗೀತದ ಪ್ರಭಾವ ಅಲ್ಲಿ ಮುಚ್ಚುಮರೆಯಿಲ್ಲದೆ ಕೇಳುತ್ತದೆ. 1964ರಲ್ಲಿ ಅವರು ಗಾಯಕಿ ಷರ್ಲಿ ಕಾಲಿನ್ಸ್ ಜೊತೆ ತಂದ "ಫೋಕ್ ರೂಟ್ಸ್, ನ್ಯೂ ರೂಟ್ಸ್" ಆಲ್ಬಮ್ ಇಂಗ್ಲಿಷ್ ಜನಪದ ಹಾಡಿಗೆ ಗಿಟಾರ್ ಹೇಗೆ ಜೊತೆಯಾಗಬಹುದು ಎಂಬ ಪ್ರಶ್ನೆಗೆ ಮೊದಲ ದೊಡ್ಡ ಉತ್ತರ.

ಮಾರ್ಟಿನ್ ಕಾರ್ಥಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಸ್ಕಾರ್ಬರೋ ಫೇರ್" ಹಾಡನ್ನು ಅವರು ತಮ್ಮ 1965ರ ಮೊದಲ ಆಲ್ಬಮ್‌ನಲ್ಲಿ ನುಡಿಸಿದ ರೀತಿಯನ್ನೇ ಅಮೆರಿಕದ ಪಾಲ್ ಸೈಮನ್ ಲಂಡನ್ನಿನಲ್ಲಿದ್ದಾಗ ಕಲಿತು ಜಗತ್ತಿಗೆಲ್ಲ ಕೇಳಿಸಿದರು. ಆ ಹಾಡಿನ ಖ್ಯಾತಿಗಿಂತ ಕಾರ್ಥಿಯವರ ನಂತರದ ದಾರಿ ಕಲಿಯುವವರಿಗೆ ಹೆಚ್ಚು ಉಪಯೋಗದ್ದು. ವರ್ಷಗಟ್ಟಲೆ ಶ್ರುತಿಗಳನ್ನು ಬದಲಿಸಿ ನೋಡುತ್ತ ಅವರು ಸಿ, ಜಿ, ಸಿ, ಡಿ, ಜಿ, ಎ ಎಂಬ ತಮ್ಮದೇ ಶ್ರುತಿಗೆ ಬಂದರು, ಕಾರ್ಡುಗಳನ್ನು ಕಡಿಮೆ ಮಾಡುತ್ತ ಹೋದರು. ಅವರ ನುಡಿಸಾಣಿಕೆಯಲ್ಲಿ ಅನೇಕ ಕಡೆ ಗಿಟಾರ್ ಮಾಡುವುದು ಇಷ್ಟೇ: ಬಾಯಿ ಹಾಡುತ್ತಿರುವ ಮಟ್ಟನ್ನೇ ಬೆರಳೂ ಹಾಡುತ್ತದೆ, ಹೆಬ್ಬೆರಳು ದಪ್ಪ ತಂತಿಯ ಮೇಲೆ ಗಟ್ಟಿಯಾಗಿ ಬಡಿದು ಲಯ ಹಿಡಿಯುತ್ತದೆ. ಹಾಡುಗಾರ ಉಸಿರು ತೆಗೆದುಕೊಳ್ಳಲು ಒಂದು ಮಾತ್ರೆ ಹೆಚ್ಚು ನಿಂತರೆ ಗಿಟಾರೂ ನಿಲ್ಲುತ್ತದೆ. ಹೆಬ್ಬೆರಳಿನ ಸಮತಾಳದಿಂದ ಹಳೆಯ ಹಾಡಿನ ಸ್ವತಂತ್ರ ನಡೆ ಸತ್ತುಹೋಗುತ್ತದೆ ಎಂದು ದೂರುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ತಾಳ ಹಿಡಿಯುವ ಬೆರಳಿಗೆ ಮಾತು ಕೇಳುವ ಅಭ್ಯಾಸವಿದ್ದರೆ ಸಾಕು. ನಿಕ್ ಜೋನ್ಸ್‌ರ 1980ರ "ಪೆಂಗ್ವಿನ್ ಎಗ್ಸ್" ಆಲ್ಬಮ್ ಕೇಳಿದರೂ ಇದು ಮನವರಿಕೆಯಾಗುತ್ತದೆ.

ಈಗ ನನ್ನ ವಾದಕ್ಕೆ ನಿಜವಾದ ಎದುರು ಸಾಕ್ಷಿ. ಅಮೆರಿಕದ ದಕ್ಷಿಣ ಸೀಮೆಯ ಜನಪದ ಗಿಟಾರ್ ವಾದಕರು ಕಾರ್ಡು ಹಿಡಿದೇ ನುಡಿಸಿದರು, ಅದ್ಭುತವಾಗಿ ನುಡಿಸಿದರು. ಮಿಸಿಸಿಪಿಯ ಆವಲಾನ್ ಎಂಬ ಪುಟ್ಟ ಊರಿನ ಜಾನ್ ಹರ್ಟ್ 1928ರಲ್ಲಿ ಓಕೆ ಕಂಪನಿಗೆ ಹಾಡಿದ ರೆಕಾರ್ಡುಗಳು ಮಾರಾಟವಾಗದೆ, ಅವರು ಊರಿಗೆ ಮರಳಿ ಹೊಲದ ಕೆಲಸದಲ್ಲಿ ಉಳಿದುಬಿಟ್ಟರು. ಹಾಡಿನಲ್ಲಿ ಬಂದ ಊರಿನ ಹೆಸರಿನ ಜಾಡು ಹಿಡಿದು 1963ರಲ್ಲಿ ಅಭಿಮಾನಿಯೊಬ್ಬರು ಅವರನ್ನು ಹುಡುಕಿದಾಗ ಬೆರಳುಗಳು ಹಾಗೆಯೇ ಇದ್ದವು. ಅವರ ಕೈಯನ್ನು ಹತ್ತಿರದಿಂದ ನೋಡಬೇಕು. ಸಿ ಕಾರ್ಡು ಹಿಡಿದು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಹೆಬ್ಬೆರಳು ಐದನೆಯ ತಂತಿ, ನಾಲ್ಕನೆಯ ತಂತಿ, ಮತ್ತೆ ಐದು, ಮತ್ತೆ ನಾಲ್ಕು ಎಂದು ಪ್ರತಿ ಎಣಿಕೆಗೂ ಒಂದು ಮೀಟು ಹಾಕುತ್ತದೆ. ಏನೇ ಆದರೂ ಅದು ನಿಲ್ಲುವಂತಿಲ್ಲ. ಮೇಲಿನ ಹಾಡು ತೋರುಬೆರಳು ನಡುಬೆರಳುಗಳದು. ಹಾಡಿನ ಸ್ವರ ಕೆಲವೊಮ್ಮೆ ಹೆಬ್ಬೆರಳಿನ ಜೊತೆಯಲ್ಲೇ ಬೀಳುತ್ತದೆ, ಆಗ ಎರಡು ಬೆರಳು ಚಿವುಟಿದಂತೆ ಒಟ್ಟಿಗೆ ಮೀಟುತ್ತವೆ. ಕೆಲವೊಮ್ಮೆ ಎರಡು ಎಣಿಕೆಗಳ ನಡುವಿನ ಖಾಲಿಯಲ್ಲಿ ಬೀಳುತ್ತದೆ; ಹಾಡಿಗೆ ಓಲಾಟ ಬರುವುದು ಅಲ್ಲಿ. ಕಲಿಯುವವರ ಹೆಬ್ಬೆರಳು ಮುಗ್ಗರಿಸುವುದೂ ಅಲ್ಲಿಯೇ, ಏಕೆಂದರೆ ಮನಸ್ಸು ಹಾಡಿನ ಕಡೆ ಹೋದೊಡನೆ ಹೆಬ್ಬೆರಳೂ ಅದರ ಹಿಂದೆ ಓಡುತ್ತದೆ. ಕೆಂಟಕಿಯ ಕಲ್ಲಿದ್ದಲು ಸೀಮೆಯ ಮರ್ಲ್ ಟ್ರಾವಿಸ್‌ರ ಹೆಸರಿನಲ್ಲಿ ಇದೇ ಮಾದರಿಯ ಮೀಟನ್ನು ಟ್ರಾವಿಸ್ ಪಿಕಿಂಗ್ ಎನ್ನುತ್ತಾರೆ. ಅವರು ಅದನ್ನು ಊರಿನ ಹಿರಿಯ ವಾದಕರಿಂದ ಕಲಿತರು. ಆ ಸರಪಳಿಯ ಹಿಂದೆ ಆರ್ನಾಲ್ಡ್ ಷುಲ್ಟ್ಸ್ ಎಂಬ ಕಪ್ಪು ಜನಾಂಗದ ವಾದಕರಿದ್ದಾರೆ.

ಎಲಿಜಬೆತ್ ಕಾಟನ್ ಅವರದು ಇನ್ನೂ ಸ್ವಾರಸ್ಯದ ಕತೆ. ನಾರ್ತ್ ಕ್ಯಾರೊಲೈನಾದ ಈ ಎಡಚ ಹೆಂಗಸು ಬಲಗೈಯವರಿಗೆ ತಂತಿ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿದರು, ತಂತಿ ಬದಲಿಸಲಿಲ್ಲ. ಹಾಗಾಗಿ ಅವರ ಹೆಬ್ಬೆರಳು ಮೇಲುಸ್ಥಾಯಿಯ ಹಾಡನ್ನೂ ತೋರುಬೆರಳು ಕೆಳಸ್ಥಾಯಿಯ ಓಟವನ್ನೂ ನುಡಿಸುತ್ತಿದ್ದವು. ಎಳೆಯ ವಯಸ್ಸಿನಲ್ಲೇ "ಫ್ರೇಟ್ ಟ್ರೇನ್" ಕಟ್ಟಿದ ಅವರು ಆಮೇಲೆ ದಶಕಗಳ ಕಾಲ ಗಿಟಾರ್ ಮುಟ್ಟಲಿಲ್ಲ. ಜಾನಪದ ವಿದ್ವಾಂಸರಾದ ಸೀಗರ್ ಕುಟುಂಬದಲ್ಲಿ ಮನೆಗೆಲಸಕ್ಕಿದ್ದಾಗ ಗೋಡೆಯ ಮೇಲಿನ ಗಿಟಾರ್ ಇಳಿಸಿ ನುಡಿಸಿದ್ದರಿಂದ ಬೆಳಕಿಗೆ ಬಂದು, 1958ರಲ್ಲಿ ಫೋಕ್‌ವೇಸ್ ಸಂಸ್ಥೆಯಿಂದ ಅವರ ಆಲ್ಬಮ್ ಹೊರಬಂತು. ಹೆಬ್ಬೆರಳಿಗೆ ಆಸರೆ, ಉಳಿದ ಬೆರಳಿಗೆ ಹಾಡು ಎಂಬ ನಿಯಮವನ್ನೇ ಅವರು ತಲೆಕೆಳಗು ಮಾಡಿದ್ದರು, ಆದರೆ ಎರಡು ಎಳೆಗಳು ಬೇರೆಬೇರೆ ನಡೆಯಬೇಕೆಂಬುದನ್ನು ಬಿಡಲಿಲ್ಲ. ಮೇಬೆಲ್ ಕಾರ್ಟರ್ ಕೂಡ ಹಾಗೆಯೇ. 1927ರ ಆಗಸ್ಟಿನಲ್ಲಿ ಟೆನೆಸೀ ರಾಜ್ಯದ ಬ್ರಿಸ್ಟಲ್‌ನಲ್ಲಿ ರಾಲ್ಫ್ ಪಿಯರ್ ಮಾಡಿದ ಧ್ವನಿಮುದ್ರಣದಿಂದ ಹೆಸರಾದ ಕಾರ್ಟರ್ ಕುಟುಂಬದ ಈ ವಾದಕಿ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ಹಾಡನ್ನು ನುಡಿಸುತ್ತ, ಸಣ್ಣ ತಂತಿಗಳನ್ನು ತೋರುಬೆರಳಿನಿಂದ ಸವರುತ್ತ ಲಯ ತುಂಬುತ್ತಿದ್ದರು.

ಹಾಗಾದರೆ ಇವರೆಲ್ಲ ಕಾರ್ಡು ಹಿಡಿದದ್ದು ತಪ್ಪೇ? ಅಲ್ಲ. ಅವರು ನುಡಿಸಿದ ಹಾಡುಗಳಲ್ಲಿ ಹೆಚ್ಚಿನವು ಗಿಟಾರ್, ಬ್ಯಾಂಜೋ, ಪಿಯಾನೊಗಳು ಮನೆಮನೆಗೆ ಬಂದ ಮೇಲೆ, ರ್‍ಯಾಗ್‌ಟೈಮ್ ಮತ್ತು ಚರ್ಚಿನ ಹಾಡುಗಳ ಕಾಲದಲ್ಲಿ ರೂಪುಗೊಂಡವು. ಆ ಮಟ್ಟುಗಳು ಹುಟ್ಟಿದ್ದೇ ಕಾರ್ಡಿನ ಜೊತೆ. ಸಾಲು ಯಾವ ಕಾರ್ಡಿನಿಂದ ಯಾವ ಕಾರ್ಡಿಗೆ ಹೋಗಬೇಕೆಂಬುದು ಹಾಡಿನ ಮೈಯಲ್ಲೇ ಇದೆ. ಒಂಟಿ ಕಂಠದಲ್ಲಿ ನೂರಾರು ವರ್ಷ ಸವೆದುಬಂದ ಬ್ಯಾಲಡ್‌ಗಳ, ಅಂದರೆ ಕತೆ ಹೇಳುವ ಹಾಡುಗಳ, ಜಾತಿ ಬೇರೆ. ಕಲಿಯುವವರು ಕೇಳಬೇಕಾದ ಮೊದಲ ಪ್ರಶ್ನೆ ಬೆರಳಿನದಲ್ಲ, ಈ ಹಾಡು ಎಲ್ಲಿಂದ ಬಂತು ಎಂಬುದು. ಮೊದಲ ಬಗೆಯದಾದರೆ ಟ್ರಾವಿಸ್ ಪಿಕಿಂಗ್‌ನ ಓಡಾಡುವ ಹೆಬ್ಬೆರಳು ಹೊಂದುತ್ತದೆ. ಎರಡನೆಯ ಬಗೆಯದಾದರೆ ಹೆಬ್ಬೆರಳು ಷಡ್ಜದ ಮೇಲೆ ಕೂರಬೇಕು, ಹೆಚ್ಚೆಂದರೆ ಪಂಚಮಕ್ಕೆ ಹೋಗಿಬರಬೇಕು. ಎರಡನ್ನೂ ಒಂದೇ ಎಂದು ಕಲಿಸುವ ಪಾಠಗಳಿಂದಲೇ ಕಲಿಯುವವರಿಗೆ ಗೊಂದಲ ಹತ್ತುವುದು. ಈ ವಿಂಗಡಣೆ ಯಾವಾಗಲೂ ಗೆರೆ ಕೊರೆದಷ್ಟು ಸ್ಪಷ್ಟವಾಗಿರುವುದಿಲ್ಲ ನಿಜ. ಕಾರ್ಟರ್ ಕುಟುಂಬದವರು ಹಳೆಯ ಬ್ಯಾಲಡ್‌ಗಳನ್ನೂ ಕಾರ್ಡಿನ ಚೌಕಟ್ಟಿಗೆ ತಂದರು, ಹಾಗೆ ತರುವಾಗ ಮಟ್ಟಿನ ಅಂಚುಗಳು ಸವೆದವು. ಅದೂ ಜನಪದದ ಒಂದು ನಡೆಯೇ, ಆದರೆ ಹಾಗೆ ಮಾಡುವವರಿಗೆ ತಾವು ಏನನ್ನು ಸವೆಸುತ್ತಿದ್ದೇವೆ ಎಂದಾದರೂ ತಿಳಿದಿರಬೇಕು.

ಹೈಬ್ರಿಡ್ ಪಿಕಿಂಗ್ ವಿಷಯದಲ್ಲಿ ಕೇಳಿಬರುವ ಆಕ್ಷೇಪ ಇನ್ನೊಂದು ಬಗೆಯದು: ಅದು ಎಲೆಕ್ಟ್ರಿಕ್ ಗಿಟಾರಿನವರ ಚಾಳಿ, ಜನಪದಕ್ಕೆ ಅದರ ಹಂಗೇಕೆ? ಕಂಟ್ರಿ ಸಂಗೀತದ ಜೇಮ್ಸ್ ಬರ್ಟನ್, ಆಲ್ಬರ್ಟ್ ಲೀ ಮುಂತಾದವರ ಕೈಯಲ್ಲಿ ಅದು ಬೆಳೆಯಿತು ಎಂಬುದು ಸರಿ. ಆದರೆ ಇಂಗ್ಲಿಷ್ ಜನಪದ ಹಾಡಿಗೆ ಅದು ಎಷ್ಟು ಒಗ್ಗುತ್ತದೆ ಎಂಬುದನ್ನು ರಿಚರ್ಡ್ ಥಾಂಪ್ಸನ್ ತೋರಿಸಿಕೊಟ್ಟಿದ್ದಾರೆ. ಅವರು ಗಿಟಾರ್ ನುಡಿಸಿದ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ 1969ರ "ಲೀಜ್ ಅಂಡ್ ಲೀಫ್" ಆಲ್ಬಮ್ ಹಳೆಯ ಬ್ಯಾಲಡ್‌ಗಳನ್ನು ರಾಕ್ ವಾದ್ಯಗಳೊಡನೆ ಹಾಡಿತು. ಪಿಕ್ಕಿನಿಂದ ದಪ್ಪ ತಂತಿಯನ್ನು ಸತತವಾಗಿ ಮಿಡಿಯುತ್ತ, ನಡುಬೆರಳು ಉಂಗುರಬೆರಳುಗಳಿಂದ ಮಟ್ಟನ್ನು ಎತ್ತುವ ಥಾಂಪ್ಸನ್‌ರ ಕೈಯಲ್ಲಿ ಬ್ಯಾಗ್‌ಪೈಪಿನ ನಿರಂತರ ಶ್ರುತಿಯ ನೆರಳು ಕೇಳುತ್ತದೆ. ಸಭೆ ದೊಡ್ಡದಾಗಿದ್ದರೆ, ಜೊತೆಗೆ ಫಿಡಲೋ ಡ್ರಮ್ಮೋ ಇದ್ದರೆ ಬೆರಳ ತುದಿಯ ಮೆದು ಮೀಟು ಕೇಳಿಸುವುದೇ ಇಲ್ಲ. ಪಿಕ್ಕಿನ ಅಂಚು ಅಲ್ಲಿ ಬೇಕು. ಒಂದು ನುಡಿಯನ್ನು ಬೆರಳಲ್ಲಿ ಬಿಡಿಸಿ, ಮುಂದಿನ ನುಡಿಗೆ ಪೂರ್ತಿ ಸ್ಟ್ರಮ್ ಹೊಡೆದು, ಮತ್ತೆ ಬೆರಳಿಗೆ ಮರಳುವುದೂ ಪಿಕ್ ಕೈಯಲ್ಲಿದ್ದರೆ ಸುಲಭ. ಹರ್ಟ್ ಅಥವಾ ಕಾಟನ್ ಶೈಲಿಗೆ ಮಾತ್ರ ಹೈಬ್ರಿಡ್ ಅಷ್ಟು ಸರಿಹೊಂದದು. ಅಲ್ಲಿ ಹೆಬ್ಬೆರಳಿನ ಮಾಂಸಲವಾದ ಮೀಟು, ತೋರುಬೆರಳಿನ ಚುರುಕು ಎರಡೂ ಬೇಕು. ಪರಂಪರೆಯ ಹೆಸರಿನಲ್ಲಿ ಪಿಕ್ಕನ್ನು ಹೊರಗಿಡುವುದು ಹುರುಳಿಲ್ಲದ ಮಾತು. ಹಾಡು, ಸಭೆ, ಜೊತೆವಾದ್ಯ ನೋಡಿ ಆರಿಸಿಕೊಳ್ಳಬೇಕು.

ಗಿಟಾರ್ ಶಿಕ್ಷಕರು ಎತ್ತುವ ಆಕ್ಷೇಪವೇ ಎಲ್ಲಕ್ಕಿಂತ ಪ್ರಾಯೋಗಿಕವಾದದ್ದು. ಹೊಸಬರಿಗೆ ಮೊದಲು ಕಾರ್ಡು ಕಲಿಸದಿದ್ದರೆ ಬೇಗ ಬೇಸರ ಬರುತ್ತದೆ, ಒಂದು ತಂತಿಯ ಮೇಲೆ ಸ್ವರ ಹುಡುಕುತ್ತ ಕೂತರೆ ಎರಡೇ ವಾರಕ್ಕೆ ಬಿಟ್ಟುಹೋಗುತ್ತಾರೆ ಎನ್ನುತ್ತಾರೆ ಅವರು. ಗುಂಪಿನಲ್ಲಿ ಹಾಡುವವರಿಗೆ ಈ ಮಾತು ಸರಿಯೇ, ಮತ್ತು ಕಾರ್ಡಿನ ಆಕಾರಗಳು ಎಡಗೈಗೆ ತಂತಿಪರಿಚಯ ಮಾಡಿಸುತ್ತವೆ ಎಂಬುದೂ ಸರಿ. ಆದರೆ ಜನಪದ ಹಾಡಿನ ಮಟ್ಟುಗಳಲ್ಲಿ ಬಹುಪಾಲು ಒಂದು ಸ್ಥಾಯಿಯನ್ನು ಸ್ವಲ್ಪ ಮಾತ್ರ ಮೀರುತ್ತವೆ. ನಾಲ್ಕು ಸಾಲಿನ ಮಟ್ಟು ಒಂದೆರಡು ಸಂಜೆಗಳಲ್ಲಿ ಕೈಗೆ ಬರುತ್ತದೆ. ಎಫ್ ಕಾರ್ಡಿನಲ್ಲಿ ತೋರುಬೆರಳನ್ನು ಅಡ್ಡಲಾಗಿ ಒತ್ತಲಾರದೆ ಗಿಟಾರನ್ನು ಅಟ್ಟಕ್ಕೆ ಸೇರಿಸಿದವರ ಸಂಖ್ಯೆಯೂ ಸಣ್ಣದಿರಲಾರದು. ಟ್ಯಾಬ್ ಅಥವಾ ವಿಡಿಯೊ ನೋಡಿ ಬೆರಳುಗಳನ್ನು ನಕಲು ಮಾಡುವುದು ಇನ್ನೊಂದು ಸುಲಭದ ದಾರಿ. ಯಾವ ತಂತಿ, ಯಾವ ಫ್ರೆಟ್ ಎಂಬುದನ್ನು ಟ್ಯಾಬ್ ಕರಾರುವಾಕ್ಕಾಗಿ ಹೇಳುತ್ತದೆ. ಹಾಡುಗಾರ ಎಲ್ಲಿ ಉಸಿರೆಳೆದ, ಮೂರನೆಯ ನುಡಿಯಲ್ಲಿ ಪದ ಉದ್ದವಾದಾಗ ಸಾಲು ಹೇಗೆ ಹಿಗ್ಗಿತು ಎಂಬುದನ್ನು ಅದು ಹೇಳುವುದಿಲ್ಲ. ಹದಿನೈದು ಇಪ್ಪತ್ತು ನುಡಿಗಳ ಬ್ಯಾಲಡ್ ಅನ್ನು ಒಂದೇ ನುಡಿಯ ಟ್ಯಾಬಿನಿಂದ ನುಡಿಸಿದರೆ ಕೇಳುಗರು ಐದನೆಯದಕ್ಕೇ ಮೊಬೈಲ್ ತೆಗೆಯುತ್ತಾರೆ.

ಹೀಗಾಗಿ ಒಂದು ಹಾಡನ್ನು ಕಲಿಯುವ ಕ್ರಮ ಹೀಗಿದ್ದರೆ ಒಳ್ಳೆಯದು. ಗಿಟಾರಿನ ರೆಕಾರ್ಡಿಂಗ್ ಕೇಳುವ ಮೊದಲು, ಸಾಧ್ಯವಾದರೆ ಹಿಮ್ಮೇಳವಿಲ್ಲದ ಹಾಡುಗಾರಿಕೆ ಕೇಳಿ ಮಟ್ಟನ್ನು ಬಾಯಿಪಾಠ ಮಾಡಿಕೊಳ್ಳುವುದು. ಆಮೇಲೆ ಸಣ್ಣ ಮೂರು ತಂತಿಗಳ ಮೇಲೆ ಒಂದೊಂದೇ ಸ್ವರವಾಗಿ ಹುಡುಕುವುದು. ಮಟ್ಟು ಖಾಲಿ ತಂತಿಗಳ ಸುತ್ತ ಕೂರುವ ಶ್ರುತಿಯನ್ನು ಆರಿಸಿ, ಕಂಠಕ್ಕೆ ತಗ್ಗಾದರೆ ತಂತಿಗಳನ್ನು ಅಡ್ಡಲಾಗಿ ಒತ್ತಿಹಿಡಿಯುವ ಕೇಪೋ ಹಾಕಿ ಏರಿಸಿಕೊಳ್ಳುವುದು. ಮಟ್ಟು ತಡೆಯಿಲ್ಲದೆ ಬಂದ ಮೇಲೆ ಹೆಬ್ಬೆರಳಿಗೆ ಒಂದೇ ಖಾಲಿ ತಂತಿ ಕೊಟ್ಟು, ಪ್ರತಿ ಸಾಲಿನ ಮೊದಲ ಒತ್ತಿಗೆ ಮಾತ್ರ ಮೀಟಿಸುವುದು, ನಂತರ ಎರಡು ಒತ್ತುಗಳಿಗೆ, ನಂತರ ಎಲ್ಲಕ್ಕೆ. ಇಲ್ಲಿಯವರೆಗೆ ಒಂದೂ ಕಾರ್ಡು ಬಂದಿಲ್ಲ ಎಂಬುದನ್ನು ಗಮನಿಸಿ, ಹಾಡಿಗೆ ಅಷ್ಟರಲ್ಲೇ ಜೀವ ಬಂದಿರುತ್ತದೆ. ಎಲ್ಲಿ ಆಸರೆ ಸಾಲದೆನಿಸುತ್ತದೋ ಆ ಜಾಗದಲ್ಲಷ್ಟೇ ಇನ್ನೊಂದು ಸ್ವರ ಸೇರಿಸಿದರಾಯಿತು. ಎರಡು ಮೂರು ಕಡೆ ಅದು ತಾನಾಗಿ ಕಾರ್ಡಾಗುತ್ತದೆ.

ಕನ್ನಡಿಗರಿಗೆ ಈ ದಾರಿ ಹೊಸದಲ್ಲ. ತತ್ವಪದಕಾರರ ಏಕತಾರಿ, ನೀಲಗಾರರ ತಂಬೂರಿ, ಜೋಗತಿಯರ ಚೌಡಿಕೆ, ಇವೆಲ್ಲ ಮಾಡುತ್ತ ಬಂದಿರುವುದು ಹೆಬ್ಬೆರಳಿನ ಈ ಕೆಲಸವನ್ನೇ: ಶ್ರುತಿ ಹಿಡಿ, ಲಯ ಹಿಡಿ, ಹಾಡನ್ನು ಕಂಠಕ್ಕೆ ಬಿಡು. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನೊಂದಿಗೆ ದೇಶವಿದೇಶಗಳ ವೇದಿಕೆಗೆ ಒಯ್ದ ಮೇಲೆ ಕನ್ನಡ ಜನಪದವನ್ನು ಗಿಟಾರಿನಲ್ಲಿ ನುಡಿಸಬೇಕೆನ್ನುವ ಎಳೆಯರು ಹೆಚ್ಚಾಗಿದ್ದಾರೆ. ಅವರಲ್ಲಿ ಬೆರಳ ಮೀಟನ್ನು ಕಲಿತು ಒಂದು ತ್ರಿಪದಿಗೋ ತಂಬೂರಿ ಪದಕ್ಕೋ ಹಚ್ಚುವವರು ಇನ್ನೂ ಕಡಿಮೆ. ಹಲಸಂಗಿ ಗೆಳೆಯರು 1931ರಲ್ಲಿ ತಂದ "ಗರತಿಯ ಹಾಡು" ನಮಗೆ ಪದಗಳನ್ನು ಉಳಿಸಿಕೊಟ್ಟಿತು. ಮಟ್ಟು ಪುಸ್ತಕದಲ್ಲಿಲ್ಲ, ಹಾಡುವವರ ಬಾಯಲ್ಲಿದೆ. ಇಂಗ್ಲಿಷ್ ಬ್ಯಾಲಡ್‌ಗಳ ಕತೆಯೂ ಇದೇ ಆಗಿತ್ತು. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಒಟ್ಟುಮಾಡಿದ 305 ಬ್ಯಾಲಡ್‌ಗಳ ಪಠ್ಯಗಳ ಪ್ರಕಟಣೆ 1898ರ ಹೊತ್ತಿಗೆ ಮುಗಿದಿದ್ದರೂ, ಅವುಗಳ ಮಟ್ಟುಗಳನ್ನು ಬರ್ಟ್ರಂಡ್ ಬ್ರಾನ್ಸನ್ ನಾಲ್ಕು ಸಂಪುಟಗಳಲ್ಲಿ ಕೂಡಿಸಿ ಮುಗಿಸಿದ್ದು 1972ರಲ್ಲಿ. ಗಿಟಾರ್ ಕಲಿಸುವ ಕನ್ನಡದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಹೊಸ ವಿದ್ಯಾರ್ಥಿಗೆ ಸಿ ಕಾರ್ಡಿಗಿಂತ ಮೊದಲು, ಮನೆಯಲ್ಲೋ ಊರಲ್ಲೋ ಹಾಡುವ ಅಜ್ಜಿಯೊಬ್ಬರಿಂದ ಒಂದು ಮಟ್ಟು ಕಲಿತು ಬರಲು ಹೇಳಿ. ಬಂದ ಮೇಲೆ ಆರನೆಯ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ, ಅದರ ಮೇಲೆ ಆ ಮಟ್ಟನ್ನು ನುಡಿಸಲು ಬಿಡಿ.